ಗೂಬೆ ಗೂಡಿನ ಪಟ, ಅಡ್ಮಿನ್‌ಗೆ ಜೈಲು

ದೊಡ್ಡಪ್ಪ ಬೆಳಿಗ್ಗೆ ಎದ್ದವರೇ ನಮ್ಮ ಮನೆತನದ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದ್ದರು. ಎರಡು ಬಾಣದ ಗುರುತು ಇದ್ದ, ಊರೆಲ್ಲ ಸುತ್ತಿ ಬಂದ ಸಂದೇಶ ಅದು. ನಾಳೆಯಿಂದ ವಾಟ್ಸಾಪ್‌ಗೆ ಹೊಸ ನಿಯಮವಂತೆ. ಗುಂಪಿನಲ್ಲಿ ಯಾರು ಏನು ತಪ್ಪು ಹಾಕಿದರೂ ಅಡ್ಮಿನ್ ನೇರ ಜೈಲಿಗಂತೆ. ಮೂರು ನೀಲಿ ಟಿಕ್ ಬಂದರೆ ಸರ್ಕಾರ ಓದಿದೆ ಎಂದರ್ಥವಂತೆ. ಕೆಳಗೆ ಅವರದೇ ಒಂದು ಸಾಲು:

"ನನ್ನ ಪಟ ಯಾಕೆ ತೆಗೆದ್ರು ಅಂತ ಈಗ ಗೊತ್ತಾಯ್ತು. ಇಷ್ಟು ಹೆದರಿಕೆ ಇರೋರು ಗುಂಪು ಯಾಕೆ ಕಟ್ಟಬೇಕು?"

ಹೆಸರು ಹೇಳಿರಲಿಲ್ಲ, ಆದರೆ ಅದು ನನಗೇ ಅಂತ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಹಾಸನದ ಸುತ್ತಮುತ್ತಲಿನ ಹಕ್ಕಿ ನೋಡುವವರದ್ದೊಂದು ಗುಂಪನ್ನು ನಾನೂ ಇಬ್ಬರು ಗೆಳತಿಯರೂ ನಡೆಸುತ್ತೇವೆ. ದೊಡ್ಡಪ್ಪ ನಿವೃತ್ತರಾದ ಮೇಲೆ ಕ್ಯಾಮೆರಾ ಕೊಂಡರು, ನಾನೇ ಅವರನ್ನು ಸೇರಿಸಿದೆ. ಹಿಂದಿನ ಸಂಜೆ ಅವರು ಅಲ್ಲಿ ಕೊಂಬಿನ ಗೂಬೆಯ ಗೂಡಿನ ಪಟ ಹಾಕಿದ್ದರು. ಕೆಲಸ ನಿಂತ ಕಲ್ಲು ಕ್ವಾರಿ, ಬಂಡೆಯ ಚಾಚಿನ ಮೇಲೆ ಬಿಳಿ ನಯಗರಿಯ ಎರಡು ಮರಿ. ಪಟ ಚೆನ್ನಾಗಿಯೇ ಬಂದಿತ್ತು. ಜೊತೆಗೆ ಊರಿನ ಹೆಸರು, ಲೊಕೇಶನ್, "ಬಸ್ ಸ್ಟ್ಯಾಂಡಿಂದ ಹತ್ತೇ ನಿಮಿಷ" ಎಂಬ ದಾರಿ ಎಲ್ಲವೂ ಇತ್ತು. ನಾನು ಅಳಿಸಿದೆ. ಯಾಕೆ ಅಳಿಸಿದೆ ಅಂತ ಅವರಿಗೆ ಪ್ರತ್ಯೇಕವಾಗಿ ಬರೆದೆ. ಟಿಕ್ ನೀಲಿಯಾಯಿತು, ಉತ್ತರ ಬರಲಿಲ್ಲ. ಬಂದದ್ದು ಈ ಫಾರ್ವರ್ಡು.

ನಾನು ಬಾಯಿ ಬಿಡುವ ಮೊದಲೇ ಕಾನೂನು ಓದುತ್ತಿರುವ ತಮ್ಮ, ಚಿಕ್ಕಪ್ಪನ ಮಗ, ಶುರು ಮಾಡಿದ.

ತಮ್ಮ: ದೊಡ್ಡಪ್ಪಾ, ಇದು ಯಾವ ಕಾಯ್ದೆ? ಯಾವ ಸೆಕ್ಷನ್ನು? ಯಾರು ಹೊರಡಿಸಿದ್ದು?

ದೊಡ್ಡಪ್ಪ: ನಮ್ಮ ನಿವೃತ್ತರ ಗುಂಪಲ್ಲಿ ಬಂತು. ಅಲ್ಲಿರೋರೆಲ್ಲ ದೊಡ್ಡ ದೊಡ್ಡ ಹುದ್ದೇಲಿ ಇದ್ದೋರೇ.

ತಮ್ಮ: ಹುದ್ದೆ ಬೇಡ, ಮೂಲ ಹೇಳಿ. ಆ ಮೂರು ಟಿಕ್ ಸುಳ್ಳು ಅಂತ ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿಯವರೇ ಎಷ್ಟೋ ಸಲ ಹೇಳಿಯಾಗಿದೆ.

ಅತ್ತೆ: ಏನೋ ಅದು ಮಾತಾಡೋ ರೀತಿ? ದೊಡ್ಡಪ್ಪನ ಹತ್ರ ಮೂಲ ಕೇಳೋವಷ್ಟು ದೊಡ್ಡೋನಾಗಿಬಿಟ್ಯಾ? ಅಣ್ಣಯ್ಯ ನಾಕು ಜನಕ್ಕೆ ಒಳ್ಳೇದಾಗ್ಲಿ ಅಂತ ಕಳಿಸಿರ್ತಾರೆ. ಹಿರಿಯರ ಮಾತಿಗೆ ಬೆಲೆ ಇಲ್ದೇ ಇರೋ ಮನೆ ಉದ್ಧಾರ ಆಗಲ್ಲ.

ಚಿಕ್ಕಪ್ಪ: ಅಕ್ಕಾ, 2023ರ ಎಲೆಕ್ಷನ್ ಟೈಮಲ್ಲಿ ನೀನೇ ನನ್ನ ಈ ಗುಂಪಿಂದ ತೆಗೆದೆಯಲ್ಲ, ಅವತ್ತು ಈ ಬೆಲೆ ಎಲ್ಲಿ ಹೋಗಿತ್ತು?

ಅತ್ತೆ: ಅದು ಬೇರೆ ವಿಷಯ. ನೀನು ಹಾಕ್ತಿದ್ದಿದ್ದು ನೋಡೋ ಹಾಗಿತ್ತಾ?

ಚಿಕ್ಕಪ್ಪ: ಒಂದು ಮಾತು ಹೇಳಿ ತೆಗೀಬಹುದಿತ್ತು. ನಾಕು ದಿನ ನನಗೆ ಗೊತ್ತೇ ಇರ್ಲಿಲ್ಲ. ಯಾರೂ ಏನೂ ಹಾಕ್ತಿಲ್ಲ, ಎಲ್ಲ ಬಿಜಿ ಇದಾರೆ ಅಂದ್ಕೊಂಡಿದ್ದೆ.

ಈ ಜಗಳ ಸುಮಾರು ಹೊತ್ತು ನಡೆಯಿತು. ಅದರ ನಡುವೆಯೇ ತಮ್ಮ ಒಂದು ಉದ್ದನೆಯ ಸಂದೇಶ ಹಾಕಿದ. ಗುಂಪಿನಲ್ಲಿ ಅದನ್ನು ಪೂರ್ತಿ ಓದಿದವರು ಒಬ್ಬರೋ ಇಬ್ಬರೋ. ಅವನ ಶ್ರಮ ದಂಡವಾಗಬಾರದೆಂದು ಸಾರವನ್ನು ಇಲ್ಲಿ ಬರೆಯುತ್ತೇನೆ.

ಈ ಹೆದರಿಕೆಗೆ ಬೇರು ಇಲ್ಲದೇ ಇಲ್ಲ. 2017ರ ಏಪ್ರಿಲ್‌ನಲ್ಲಿ ವಾರಾಣಸಿಯ ಜಿಲ್ಲಾಡಳಿತ, ಗುಂಪಿನಲ್ಲಿ ಹಬ್ಬುವ ಸುಳ್ಳಿಗೆ ಅಡ್ಮಿನ್ ಕೂಡ ಹೊಣೆ ಎಂದು ಆದೇಶ ಹೊರಡಿಸಿತ್ತು. ಇಂಥ ಫಾರ್ವರ್ಡ್‌ಗಳು ಈಗಲೂ ಅಂಥ ಸುದ್ದಿಗಳ ನೆರಳಲ್ಲೇ ಓಡಾಡುತ್ತಿವೆ. ಆದರೆ 2021ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ, ಇಬ್ಬರೂ ಮೊದಲೇ ಮಾತಾಡಿಕೊಂಡು ಮಾಡಿದ್ದರೆ ಮಾತ್ರ ಬೇರೆ, ಎಂದಿತು. 2022ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್ ಕೂಡ ಅಡ್ಮಿನ್ ಹೊಣೆಯಲ್ಲವೆಂದೇ ಹೇಳಿತು. ಆನ್‌ಲೈನಿನಲ್ಲಿ ಆಕ್ಷೇಪಾರ್ಹವಾಗಿ ಬರೆದರೆ ಜೈಲು ಎನ್ನುತ್ತಿದ್ದ, ಜನ ಈಗಲೂ ಹೆದರಿಸಲು ಬಳಸುವ ಐಟಿ ಕಾಯ್ದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ಹೊಡೆದುಹಾಕಿದೆ.

ಚಿಕ್ಕಪ್ಪ: ಕೋರ್ಟು ಹೇಳಿದ್ದು ಸರಿ ಮಗಾ. ಆದ್ರೆ ಬೀದರ್ ಮರೆತ್ಯಾ?

ಆ ಒಂದು ಸಾಲಿಗೆ ಗುಂಪು ಸ್ವಲ್ಪ ಹೊತ್ತು ತಣ್ಣಗಾಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ನಂಬಿದ ಜನ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ಬಂಧಿತರಲ್ಲಿ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಇದ್ದನೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಅದಾದ ವಾರದಲ್ಲೇ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂಬ ಮಿತಿಯನ್ನು ವಾಟ್ಸಾಪ್ ಪ್ರಕಟಿಸಿತು. ಚಿಕ್ಕಪ್ಪ ಜಗಳಗಂಟರೇ ಇರಬಹುದು, ಆದರೆ ಅವತ್ತಿನ ಚರ್ಚೆಯಲ್ಲಿ ನಿಜವಾದ ತೂಕವಿದ್ದ ಮಾತು ಅವರದ್ದು.

ನಾಗಪುರದ ಆ ಪ್ರಕರಣವನ್ನೇ ನೋಡಿ. ಸದಸ್ಯನೊಬ್ಬ ಗುಂಪಿನ ಮಹಿಳೆಯೊಬ್ಬರ ಬಗ್ಗೆ ಕೆಟ್ಟದಾಗಿ ಬರೆದಿದ್ದ. ಅಡ್ಮಿನ್ ಅವನನ್ನು ತೆಗೆಯಲಿಲ್ಲ, ಕ್ಷಮೆ ಕೇಳು ಅಂತಲೂ ಹೇಳಲಿಲ್ಲ ಎಂಬುದು ದೂರು. ಕೋರ್ಟು ಅಡ್ಮಿನ್ ಮೇಲಿನ ಎಫ್‌ಐಆರ್ ರದ್ದು ಮಾಡಿತು. ಕಾನೂನಿನ ಪ್ರಕಾರ ಅದು ಸರಿ, ನಾನು ಒಪ್ಪುತ್ತೇನೆ. ಆದರೆ ನಾನು ಆ ಗುಂಪು ನಡೆಸುತ್ತಿದ್ದರೆ ಅವನನ್ನು ಅವತ್ತೇ ಹೊರಗೆ ಕಳಿಸುತ್ತಿದ್ದೆ. ಜೈಲಿಗೆ ಹೋಗಬೇಕಾಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿ ಗುಂಪು ನಡೆಸಲು ಆಗುವುದಿಲ್ಲ. ಗುಂಪು ಯಾಕೆ ಇದೆ, ಅದರಿಂದ ಯಾರಿಗೆ ಪೆಟ್ಟು ಬೀಳಬಹುದು, ನೋಡಬೇಕಾದ್ದು ಅಷ್ಟು. ನಮ್ಮ ಗುಂಪಿನಲ್ಲಿ ಮೊದಲು ಪೆಟ್ಟು ಬೀಳುವುದು ಹಕ್ಕಿಗೆ.

ಇದನ್ನು ಬರೆಯೋಣ ಎಂದು ಟೈಪ್ ಮಾಡುತ್ತಿರುವಾಗಲೇ ದೊಡ್ಡಪ್ಪನ ಮಗಳು, ನಮ್ಮೆಲ್ಲರ ಅಕ್ಕ, ಬಂದಳು.

ಅಕ್ಕ: ಗೂಬೆ ಅಂದ ತಕ್ಷಣ ಅಜ್ಜಿ ಮನೆ ನೆನಪಾಯ್ತು ಕಣ್ರೇ. ಹಿತ್ತಲ ಹುಣಸೆ ಮರದ ಪೊಟರೆಲಿ ಹಾಲಕ್ಕಿ ಇರ್ತಿತ್ತಲ್ಲ! ರಾತ್ರಿ ಅದು ಚಿರ್ ಚಿರ್ ಅಂದ್ರೆ ಅಜ್ಜಿ ನಮ್ಮನ್ನೆಲ್ಲ ಸೆರಗಲ್ಲಿ ಮುಚ್ಕೊಳೋರು.

ಅತ್ತೆ: ಅಮ್ಮ ಅದಕ್ಕೆ ಕಲ್ಲು ಹೊಡೆಯಕ್ಕೆ ಬಿಡ್ತಿರ್ಲಿಲ್ಲ. ಮನೆ ಕಾಯೋ ಹಕ್ಕಿ ಅನ್ನೋರು.

ಅಕ್ಕ: ಆ ಮರದ ಹುಣಸೆ ಹಣ್ಣಿನ ತೊಕ್ಕು! ಅತ್ತೆ, ಅದನ್ನ ಹೇಗೆ ಮಾಡ್ತಿದ್ರು ಹೇಳಿ.

ಆಮೇಲೆ ತೊಕ್ಕಿನ ಮಾತು, ಆ ಮರ ಕಡಿಸಿದ್ದು ಯಾರು ಎಂಬ ಮಾತು, ಅಲ್ಲಿಂದ ಹಿತ್ತಲ ಪಾಲಿನ ಮಾತು. ಜೈಲು, ಅಡ್ಮಿನ್ಗಳು ಎಲ್ಲರಿಗೂ ಮರೆತೇ ಹೋಯಿತು. ದೊಡ್ಡಪ್ಪ ಮಾತ್ರ ಮರೆತಿರಲಿಲ್ಲ. ಅದೇ ಗೂಬೆಯ ಪಟವನ್ನು ಊರ ಹೆಸರಿನ ಸಮೇತ ಈ ಗುಂಪಿಗೂ ಹಾಕಿದರು.

ದೊಡ್ಡಪ್ಪ: ನೀವೇ ನೋಡಿ ಹೇಳಿ. ಇದರಲ್ಲಿ ಅಶ್ಲೀಲ ಇದೆಯಾ? ರಾಜಕೀಯ ಇದೆಯಾ? ಇನ್ನೂರು ಜನರ ಮುಂದೆ ನನ್ನ ಪಟ ಅಳಿಸಿದ್ದಾಳೆ.

ಆಗ ನಾನು ಬರೆದೆ. ಆದಷ್ಟು ಮೆತ್ತಗೆ, ಆದರೆ ಏನನ್ನೂ ಬಿಡದೆ.

"ದೊಡ್ಡಪ್ಪಾ, ಪಟ ತೆಗೆದಿದ್ದು ಪೊಲೀಸರ ಹೆದರಿಕೆಗಲ್ಲ. ಗುಂಪು ಶುರುವಾದ ದಿನದಿಂದ ನಿಯಮಗಳು ಮೇಲ್ಗಡೆ ವಿವರದಲ್ಲೇ ಇವೆ. ಗೂಡಿನ ಪಟ ಇಲ್ಲ, ಗೂಬೆಗಳ ಜಾಗ ಹೇಳೋದಿಲ್ಲ, ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದಿಲ್ಲ. ಕೊಂಬಿನ ಗೂಬೆ ಮರದ ಮೇಲೆ ಗೂಡು ಕಟ್ಟಲ್ಲ, ಬಂಡೆ ಮೇಲೆ ಬರೀ ನೆಲದಲ್ಲೇ ಮೊಟ್ಟೆ ಇಡುತ್ತೆ. ಜನ ಬಂದ್ರೆ ತಾಯಿ ಎದ್ದು ಹೋಗುತ್ತೆ. ಮಾರ್ಚ್ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಮರಿ ಒಂಟಿಯಾಗಿ ಉಳಿಯುತ್ತೆ, ಕಾಗೆ ಹದ್ದಿನ ಕಣ್ಣಿಗೆ ಬೀಳುತ್ತೆ. ಪಟ ಚೆನ್ನಾಗಿ ಬರಲಿ ಅಂತ ಅಡ್ಡ ಇರೋ ಕೊಂಬೆ ಮುರಿಯೋರೂ ಇದ್ದಾರೆ. ಮಾಟ ಮಂತ್ರಕ್ಕೆ ಅಂತ ಗೂಬೆ ಹಿಡಿದು ಮಾರೋರು ಬೇರೆ ಇದ್ದಾರೆ, ದೀಪಾವಳಿ ಹತ್ರ ಬಂದ್ರೆ ಅದು ಇನ್ನೂ ಜಾಸ್ತಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅನ್ನೋದಕ್ಕೆ ಕೊಟ್ಟಿರೋ ಅರ್ಥದಲ್ಲೇ ಹಕ್ಕಿಗಳ ಗೂಡು, ಮೊಟ್ಟೆಗೆ ತೊಂದರೆ ಕೊಡೋದೂ ಸೇರಿದೆ. ಹಕ್ಕಿ ನೋಡಿದ್ದನ್ನ ದಾಖಲಿಸೋ ಜಾಲತಾಣ ಇಬರ್ಡ್‌ನವರು ಕೂಡ ಸೂಕ್ಷ್ಮ ಹಕ್ಕಿಗಳ ನಿಖರ ಜಾಗ ಎಲ್ಲರಿಗೂ ತೋರಿಸಲ್ಲ. ಹೋದ ಮಳೆಗಾಲದಲ್ಲಿ ಒಬ್ಬ ಕಾಲೇಜು ಹುಡುಗ ಕೆಂಬೂತದ ಗೂಡಿನ ಪಟ ಹಾಕಿದ್ದ, ಅದನ್ನೂ ತೆಗೆದ್ವಿ. ಅವನು ಎದುರು ಮಾತಾಡ್ಲಿಲ್ಲ. ಅವನಿಗೊಂದು, ನಮ್ಮ ದೊಡ್ಡಪ್ಪನಿಗೊಂದು ಅಂತ ಮಾಡಿದ್ರೆ ನಾಳೆಯಿಂದ ನಮ್ಮ ಮಾತು ಯಾರು ಕೇಳ್ತಾರೆ? ದಯವಿಟ್ಟು ಇಲ್ಲಿಂದಲೂ ತೆಗೀರಿ."

ಅತ್ತೆ: ನೀನು ಹೇಳೋದೆಲ್ಲ ಸರಿ ಪುಟ್ಟಿ. ಆದ್ರೆ ದೊಡ್ಡೋರಿಗೆ ನಿಯಮ ತೋರಿಸ್ಬಾರ್ದು. ಫೋನ್ ಮಾಡಿ ಹೇಳಬೇಕು.

ತಮ್ಮ: ನಿಯಮ ಇರೋದೇ ತೋರಿಸಕ್ಕೆ ಅಲ್ವಾ ಅತ್ತೆ?

ಅತ್ತೆ: ನೀನು ಸುಮ್ಮನಿರು. ಮೊದಲು ಪರೀಕ್ಷೆ ಪಾಸಾಗು.

ಈ ಗುಂಪಿಗೆ ಅತ್ತೆಯೇ ಅಡ್ಮಿನ್. ಅಡ್ಮಿನ್ ಆದವರು ಬೇರೆಯವರ ಸಂದೇಶವನ್ನೂ ಎಲ್ಲರಿಗೂ ಕಾಣದಂತೆ ಅಳಿಸಬಹುದು, ಆ ಅನುಕೂಲ 2022ರಿಂದ ಇದೆ. ಅಳಿಸಿ ಅಂತ ಅವರಿಗೆ ಬೇರೆಯಾಗಿ ಕೇಳಿಕೊಂಡೆ. "ಅಣ್ಣಯ್ಯನ ಪಟ ನಾನು ಅಳಿಸಲ್ಲ ಕಣೆ" ಎಂದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಗೊತ್ತಿಲ್ಲದವರನ್ನು ತಡೆಯುವುದು ಕಷ್ಟವಲ್ಲ. ನಮ್ಮನ್ನು ಎತ್ತಿ ಆಡಿಸಿದವರನ್ನು, ನಮ್ಮ ಜೊತೆ ಹುಟ್ಟಿದವರನ್ನು ತಡೆಯಬೇಕಾದಾಗ ಕೈ ಹಿಂದೆ ಬರುತ್ತದೆ. ಹವ್ಯಾಸದ ಗುಂಪುಗಳು ಕೆಡುವುದು ಹೆಚ್ಚಾಗಿ ಅಲ್ಲೇ. ಹಳಬರು, ಆಪ್ತರು, ದೊಡ್ಡ ಲೆನ್ಸಿನವರು ಮಾಡಿದರೆ ಪರವಾಗಿಲ್ಲ ಎಂದು ಒಮ್ಮೆ ಬಿಟ್ಟರೆ ಆಮೇಲೆ ಹೊಸಬರಿಗೆ ಹೇಳುವ ಮುಖ ಇರುವುದಿಲ್ಲ.

ಅಷ್ಟರಲ್ಲಿ ಬೆಂಗಳೂರಿನಿಂದ ಭಾವ ಬಂದರು. ಅಕ್ಕನ ಗಂಡ. ಮೇಲಿನದ್ದೇನನ್ನೂ ಓದದೆ ನೇರ ಪಟಕ್ಕೆ ಉತ್ತರ.

ಭಾವ: ಸೂಪರ್ ಶಾಟ್ ಮಾವ! ಲೊಕೇಶನ್ ಕಳಿಸಿ. ಭಾನುವಾರ ನಮ್ಮ ಕ್ಯಾಮೆರಾ ಗೆಳೆಯರು ಒಂದು ಎರಡು ಕಾರಲ್ಲಿ ಬರ್ತೀವಿ. ಒಬ್ಬನ ಹತ್ರ ಡ್ರೋನ್ ಇದೆ, ಕ್ವಾರಿ ಮೇಲಿಂದ ಸಕ್ಕತ್ತಾಗಿ ಬರುತ್ತೆ.

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ತೋರಿಸಿತು. ನಿಂತಿತು. ಮತ್ತೆ ತೋರಿಸಿತು.

ದೊಡ್ಡಪ್ಪ: ಡ್ರೋನ್ ಬೇಡ.

ಭಾವ: ದೂರದಿಂದಾನೇ ಮಾವ, ಏನಾಗಲ್ಲ.

ದೊಡ್ಡಪ್ಪ: ನಾನೊಬ್ಬ ಹೋದಾಗಲೇ ತಾಯಿ ಎದ್ದು ಹೋಯ್ತು. ನಾನು ಅಲ್ಲಿ ಇರೋವರೆಗೂ ವಾಪಸ್ ಬರಲಿಲ್ಲ. ಮರಿಗಳು ಬಾಯಿ ತೆರ್ಕೊಂಡು ಬಿಸಿಲಲ್ಲಿ ಕೂತಿದ್ದವು. ಯಾರೂ ಬರಬೇಡಿ.

ಅಳಿಯನಿಗೆ ಎಲ್ಲರೆದುರು ಹಾಗೆ ಬೇಡ ಅಂದವರಲ್ಲ ಅವರು. ಅಕ್ಕ ಒಂದು ಕೈಮುಗಿಯುವ ಚಿತ್ರ ಹಾಕಿದಳು. ಅತ್ತೆ "ಅಳಿಯಂದ್ರು ಬೇಜಾರು ಮಾಡ್ಕೋಬೇಡಿ, ಊಟಕ್ಕೆ ನಮ್ಮನೆಗೆ ಬನ್ನಿ" ಎಂದು ಸೇರಿಸಿದರು. ಐದು ನಿಮಿಷದಲ್ಲಿ ಪಟ ಇದ್ದ ಜಾಗದಲ್ಲಿ "ಈ ಸಂದೇಶವನ್ನು ಅಳಿಸಲಾಗಿದೆ" ಎಂದು ಬಂತು. ಡೌನ್‌ಲೋಡ್ ಆಗಿದ್ದ ಪಟವನ್ನು ಭಾವನ ಫೋನಿಂದಲೂ ತೆಗೆಸುವ ಕೆಲಸ ಅಕ್ಕ ವಹಿಸಿಕೊಂಡಳು.

ರಾತ್ರಿ ಊಟದ ಹೊತ್ತಿಗೆ ದೊಡ್ಡಪ್ಪನ ಫೋನ್ ಬಂತು. ಹೇಗಿದ್ದೀಯಾ ಅಂತ ಕೇಳಲಿಲ್ಲ.

"ನಿವೃತ್ತರ ಗುಂಪಲ್ಲೂ ಹಾಕಿದೀನಿ. ಅಲ್ಲಿ ಹೇಗೆ ತೆಗೆಯೋದು?"

ಪಟದ ಮೇಲೆ ಬೆರಳು ಒತ್ತಿ ಹಿಡಿದು 'ಎಲ್ಲರಿಗೂ ಅಳಿಸಿ' ಅನ್ನೋದನ್ನ ಒತ್ತಿ, ಕಳಿಸಿ ಎರಡೂವರೆ ದಿನದವರೆಗೂ ಆಗುತ್ತೆ, ಇನ್ನೂ ಸಮಯ ಇದೆ ಎಂದೆ. ಫೋನ್ ಕಿವಿಯಲ್ಲಿ ಇಟ್ಟುಕೊಂಡೇ ಮಾಡಿದರು.

"ಮರಿ ಹಾರಿ ಹೋದ ಮೇಲೆ ನಿಮ್ಮ ಗುಂಪಿಗೆ ಪಟ ಹಾಕಬಹುದಾ?"

"ಗೂಡು ಬಿಟ್ಟ ಮೇಲೆ ತೆಗೆದ ಪಟ ಹಾಕಿ ದೊಡ್ಡಪ್ಪ. ಊರ ಹೆಸರು ಬೇಡ, ಜಿಲ್ಲೆ ಸಾಕು."

"ಇನ್ನೊಂದ್ ಸಲ ತೆಗೆಯೋ ಮುಂಚೆ ಫೋನ್ ಮಾಡು. ಇನ್ನೂರು ಜನರ ಮುಂದೆ ನನಗೆ ಹೇಗಾಗಿರಬೇಡ."

"ಬೇರೆ ಏನಾದ್ರೂ ಆದ್ರೆ ಮೊದಲು ಫೋನ್ ಮಾಡ್ತೀನಿ. ಗೂಡಿನ ಪಟ ಆದ್ರೆ ಮೊದಲು ತೆಗೀತೀನಿ, ಆಮೇಲೆ ಫೋನ್ ಮಾಡ್ತೀನಿ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಂ. ಊಟ ಮಾಡು" ಎಂದು ಇಟ್ಟರು.