ಇಂಗ್ಲಿಷ್ ಪಿರಿಯಡ್‌ನಲ್ಲಿ ಅಜ್ಜಿ ಕತೆಯ ಚಿತ್ರಪುಸ್ತಕ ಮಾಡಿಸಬೇಕು, ಎಲ್ಲಿಂದ ಶುರು ಮಾಡಲಿ?

ಹಾವೇರಿ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. 31 ಮಕ್ಕಳು. ಬೋರ್ಡಿನ ಮೇಲೆ ಬರೆದಿದ್ದನ್ನು ಮುತ್ತಿನಂಥ ಅಕ್ಷರದಲ್ಲಿ ಕಾಪಿ ಮಾಡುತ್ತಾರೆ, ಸ್ವಂತ ಒಂದು ವಾಕ್ಯ ಬರೆಯಿರಿ ಅಂದರೆ ಪೆನ್ನು ಕಚ್ಚಿಕೊಂಡು ಕೂರುತ್ತಾರೆ. ಅದಕ್ಕೆ ಮನೆಯಲ್ಲಿ ಅಜ್ಜಿ, ಅಮ್ಮ ಹೇಳುವ ಕತೆಗಳನ್ನೇ ತಗೊಂಡು, ಚಿತ್ರ ಬರೆದು, ಒಬ್ಬೊಬ್ಬರೂ ಒಂದೊಂದು ಪುಟ್ಟ ಇಂಗ್ಲಿಷ್ ಪುಸ್ತಕ ಮಾಡಲಿ ಅಂತ ನನಗೆ ಆಸೆ. ಹೋದ ವಾರ ಕತೆ ಬರೆದು ತನ್ನಿ ಅಂದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಆಮೆ ಮೊಲದ ಓಟ ತಂದರು, ಅದೂ ಗೈಡಿನಲ್ಲಿ ಇದ್ದ ಹಾಗೇ. ತುಂಬಾ ಬೇಜಾರಾಯಿತು. ಇವರ ಮನೆಗಳಲ್ಲಿ ಕತೆ ಇಲ್ಲ ಅಂದರೆ ನಾನು ನಂಬಲ್ಲ. ಎಲ್ಲಿ ತಪ್ಪಿದೆ? ಖರ್ಚಿಗೂ ಹೆಚ್ಚು ದುಡ್ಡಿಲ್ಲ.

ತುಮಕೂರು ಮೇಷ್ಟ್ರು:
ಮೇಡಂ, "ಬರೆದು ತನ್ನಿ" ಅಂದಿರಲ್ಲ, ಅಲ್ಲೇ ಎಡವಟ್ಟಾಗಿದ್ದು. "ಕೇಳಿಕೊಂಡು ಬನ್ನಿ" ಅನ್ನಿ. ಪೆನ್ನು, ನೋಟ್‌ಬುಕ್ ಎರಡೂ ಬೇಡ. ಮಾರನೇ ದಿನ ಮಕ್ಕಳನ್ನು ಮರದ ಕೆಳಗೆ ಕೂರಿಸಿ, ಮೊದಲು ನೀವೇ ನಿಮ್ಮ ಮನೆಯ ಒಂದು ಕತೆ ಹೇಳಿ. ಕನ್ನಡದಲ್ಲೇ, ನಿಮ್ಮೂರಿನ ಮಾತಲ್ಲೇ. ಆಮೇಲೆ ಅವರ ಬಾಯಿ ತಾನಾಗೇ ಬಿಚ್ಚುತ್ತದೆ. ಇಂಗ್ಲಿಷ್ ಬರಬೇಕಾದ್ದು ಕೊನೆಗೆ, ಅದೂ ಪುಟಕ್ಕೆ ಒಂದೋ ಎರಡೋ ಸಾಲು.

ಶುರುವಿಗೆ ಹೇಳಿದ್ದೇ ಮತ್ತೆ ಮತ್ತೆ ಬರುವ ಕತೆ ಆರಿಸಿ. ಗುಬ್ಬಕ್ಕ-ಕಾಗಕ್ಕನ ಕತೆ ಇದೆಯಲ್ಲ, ಮಳೆಗೆ ಕಾಗಕ್ಕನ ಸಗಣಿ ಮನೆ ಕೊಚ್ಚಿಹೋಗಿ, ಅವಳು ಬಂದು ಗುಬ್ಬಕ್ಕನ ಬಾಗಿಲು ಬಡಿಯೋದು, ಗುಬ್ಬಕ್ಕ "ತಾಳು, ಮಗೂಗೆ ಸ್ನಾನ ಮಾಡಿಸ್ತಿದೀನಿ", "ತಾಳು, ತಲೆ ಬಾಚ್ತಿದೀನಿ" ಅಂತ ಕಾಯಿಸೋದು. ನನ್ನ ಕ್ಲಾಸಿನ ಒಬ್ಬ ಹುಡುಗಿ ಇದನ್ನೇ ಪುಸ್ತಕ ಮಾಡಿದಳು. ಪ್ರತಿ ಪುಟದಲ್ಲೂ ಎಡಗಡೆ ಮುಚ್ಚಿದ ಬಾಗಿಲು, ಹೊರಗೆ ನೆನೆಯುತ್ತಿರುವ ಕಾಗೆ. ಬಲಗಡೆ "ವೇಟ್, ಐ ಆಮ್ ಬೇದಿಂಗ್ ಮೈ ಬೇಬಿ", ಮುಂದಿನ ಪುಟಕ್ಕೆ "ವೇಟ್, ಐ ಆಮ್ ಕೋಂಬಿಂಗ್ ಹರ್ ಹೇರ್". ಪುಟ ತಿರುವಿದ ಹಾಗೆ ಮಳೆಯ ಗೆರೆ ಜಾಸ್ತಿ ಆಗುತ್ತಾ ಹೋಗಿತ್ತು, ಕಾಗೆ ಸಣ್ಣದಾಗುತ್ತಾ ಹೋಗಿತ್ತು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಾನು ಪ್ರೆಸೆಂಟ್ ಕಂಟಿನ್ಯುಯಸ್ ಅಂತ ತಿಂಗಳುಗಟ್ಟಲೆ ಬಡಿದುಕೊಂಡಿದ್ದು ಆ ಬಾಗಿಲ ಹತ್ತಿರ ಅವಳಿಗೆ ಬಂತು.

ಇನ್ನೊಂದು ಮಾತು. ಗುಬ್ಬಕ್ಕನನ್ನು ತಿದ್ದಿ ಸಿಸ್ಟರ್ ಸ್ಪ್ಯಾರೋ ಮಾಡಬೇಡಿ. ಗುಬ್ಬಕ್ಕ ಅಂತಲೇ ಇರಲಿ. ಜಗಲಿ, ಮುದ್ದೆ, ಒರಳು ಎಲ್ಲಾ ಹಾಗೇ ಇರಲಿ, ಪಕ್ಕದಲ್ಲಿ ಚಿತ್ರ ಇರುತ್ತದಲ್ಲ.

ಪುಸ್ತಕ ಹೊಲಿಯೋಳು:
ಖರ್ಚಿನ ಬಗ್ಗೆ ಚಿಂತೆ ಬೇಡ ಮೇಡಂ. ಒಂದು ಎ4 ಹಾಳೆಯನ್ನು ಮೂರು ಸಲ ಮಡಿಸಿ ಬಿಚ್ಚಿದರೆ ಎಂಟು ಚೌಕ ಬರುತ್ತದೆ, ನಡುವೆ ಒಂದು ಸೀಳು ಕತ್ತರಿಸಿ ಮಡಿಸಿದರೆ ರಟ್ಟು ಸೇರಿ 8 ಪುಟದ ಪುಸ್ತಕ, ಅಂಟೂ ಬೇಡ. ಮೊದಲು ಇದರಲ್ಲೇ ಪೆನ್ಸಿಲ್ಲಿನಲ್ಲಿ ಕಚ್ಚಾ ಪುಸ್ತಕ ಮಾಡಿಸಿ. ದೊಡ್ಡದು ಬೇಕಾದಾಗ ನಾಲ್ಕು ಹಾಳೆ ನಡುವೆ ಮಡಿಸಿ, ದಬ್ಬಣದಿಂದ ಮೂರು ತೂತು ಮಾಡಿ ದಾರ ಹಾಕಿ, 16 ಪುಟ ಆಯಿತು. ಪುಟದ ನಂಬರ್ ಮಾತ್ರ ಚಿತ್ರಕ್ಕೆ ಮೊದಲೇ ಹಾಕಿಸಿ, ಯಾಕೆಂದರೆ ಎಲ್ಲಕ್ಕಿಂತ ಹೊರಗಿನ ಹಾಳೆಯಲ್ಲಿ 1ರ ಪಕ್ಕ 16 ಬರುತ್ತದೆ, 2ರ ಪಕ್ಕ 15, ಇದು ಗೊತ್ತಿಲ್ಲದೆ ಬಣ್ಣ ಹಚ್ಚಿಬಿಟ್ಟರೆ ಮಕ್ಕಳು ಅತ್ತೇಬಿಡುತ್ತಾರೆ. ರಟ್ಟಿಗೆ ಹಳೇ ಕ್ಯಾಲೆಂಡರ್ ಸಾಕು. ಪುಟಕ್ಕೆ ಎಷ್ಟು ಸಾಲು ಇರಬೇಕು ಅನ್ನೋದಕ್ಕೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಅನ್ನೋ ಮಕ್ಕಳ ಕತೆಗಳ ವೆಬ್‌ಸೈಟ್ ನೋಡಿ, 2015ರಿಂದ ಇದೆ, ಪುಕ್ಕಟೆ. ಮೊದಲ ಹಂತದ ಪುಸ್ತಕಗಳನ್ನು ತೋರಿಸಿ. ರಟ್ಟಿನ ಮೇಲೆ ಮಗುವಿನ ಹೆಸರಿನ ಜೊತೆ "ಕತೆ ಹೇಳಿದವರು" ಅಂತ ಅಜ್ಜಿಯ ಹೆಸರೂ ಬರಲಿ.

ಒಬ್ಬ ಅಪ್ಪ:
ತಪ್ಪು ತಿಳಿಯಬೇಡಿ. ಇಂಗ್ಲಿಷ್ ಸಿಗೋದು ಆ ಒಂದು ಪಿರಿಯಡ್ಡಿನಲ್ಲಿ. ಅಲ್ಲೂ ಕನ್ನಡ ಕತೆ ಹೇಳುತ್ತಾ ಕೂತರೆ ನಮ್ಮ ಮಕ್ಕಳು ಇಂಗ್ಲಿಷ್ ಕಲಿಯೋದು ಯಾವಾಗ?

ತುಮಕೂರು ಮೇಷ್ಟ್ರು:
ನಿಮ್ಮ ಆತಂಕ ನ್ಯಾಯವೇ ಸರ್. ಆದರೆ ಹೇಳೋಕೆ ಏನೂ ಇಲ್ಲದವನು ಯಾವ ಭಾಷೆಯಲ್ಲಿ ತಾನೇ ಬರೆದಾನು? ಎ.ಕೆ. ರಾಮಾನುಜನ್ ಬೆಳಗಾವಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. 1950ರ ದಶಕದಲ್ಲಿ ಅಲ್ಲಿನ ಮನೆಗಳಲ್ಲಿ ಕನ್ನಡದ ಕತೆ ಕೇಳಿ ಕೂಡಿಸಿಟ್ಟು, ಆಮೇಲೆ ಇಂಗ್ಲಿಷಿಗೆ ತಂದರು. ಅದರಲ್ಲೊಂದು, ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತು, ಯಾರಿಗೂ ಹೇಳಲ್ಲ. ಅವಳು ಮಲಗಿದ್ದಾಗ ಎರಡೂ ಬಾಯಿಂದ ತಪ್ಪಿಸಿಕೊಂಡು, ಕತೆ ಬಾಗಿಲಲ್ಲಿ ಒಂದು ಜೊತೆ ಬೂಟು ಆಗುತ್ತದೆ, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬೀಳುತ್ತದೆ. ಗಂಡ ಬಂದು ಯಾರದು ಇದು ಅಂತ ಜಗಳ ತೆಗೆಯುತ್ತಾನೆ. ಇದನ್ನು ಮಕ್ಕಳಿಗೆ ಹೇಳಿ ನೋಡಿ, ಮುಂದೇನಾಯಿತು ಅಂತ ನಿಮ್ಮನ್ನು ಬಿಡಲ್ಲ.

ಹಾವೇರಿ ಟೀಚರ್:
ಇವತ್ತು ಮರದ ಕೆಳಗೆ ಕೂರಿಸಿದೆ. ನಾನು ಗುಬ್ಬಕ್ಕನ ಮನೆ ಕಲ್ಲಿಂದು ಅಂದ ತಕ್ಷಣ ಹಿಂದಿನಿಂದ ಒಬ್ಬ ಹುಡುಗ ಎದ್ದು "ಇಲ್ಲ ಟೀಚರ್, ಮೇಣದ್ದು, ನಮ್ಮಜ್ಜಿ ಹೇಳ್ಯಾಳ" ಅಂದ. ಈ ವರ್ಷ ಅವನ ದನಿ ಕೇಳಿದ್ದೇ ಮೊದಲು. ಅರ್ಧ ಕ್ಲಾಸು ಕಲ್ಲು, ಅರ್ಧ ಕ್ಲಾಸು ಮೇಣ, ದೊಡ್ಡ ಜಗಳ. ಎರಡೂ ಪುಸ್ತಕ ಮಾಡೋಣ ಅಂದೆ. ಬೆಲ್ ಆದ ಮೇಲೆ ಅವನು ಸ್ಟಾಫ್ ರೂಮಿನ ತನಕ ಹಿಂದೆ ಬಂದು, ಮೇಣಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಕೇಳಿ, ಅಂಗೈ ಮೇಲೆ ಬರೆದುಕೊಂಡು ಹೋದ.