ನಾಲ್ಕಡಿ ಟ್ಯಾಂಕಿಗೆ ಸ್ಟ್ಯಾಂಡ್, ಅದರ ಕೆಳಗೆ ಸಂಪ್: ಪ್ರಶ್ನೋತ್ತರ

ಪ್ರಶ್ನೆ (ಮಂಡ್ಯ, ಸುಭಾಷ್‌ನಗರ): ಸಾರ್, 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಮಾಡಿಸುತ್ತಿದ್ದೇನೆ. ಗೋಲ್ಡ್‌ಫಿಶ್ ಸಾಕೋ ಆಸೆ. ಫಿಲ್ಟರಿಗೆ ಕೆಳಗಡೆ ಸಂಪ್ ಟ್ಯಾಂಕ್ ಇಡಬೇಕು ಅಂತಿದೆ. ವೆಲ್ಡರ್‌ಗೆ ಸ್ಟ್ಯಾಂಡ್ ಅಳತೆ ಏನಂತ ಕೊಡಲಿ? ನಮ್ಮ ಬಡಗಿ ಪ್ಲೈವುಡ್ಡಲ್ಲೇ ಮಾಡಿಕೊಡ್ತೀನಿ ಅಂತಿದ್ದಾರೆ.

ಉತ್ತರ: ವೆಲ್ಡರ್ ಹತ್ತಿರ ಈಗಲೇ ಹೋಗಬೇಡಿ. ಸಂಪ್ ಅಂದರೆ ಇಲ್ಲಿ ಟ್ಯಾಂಕಿನ ಕೆಳಗಿಡುವ ಚಿಕ್ಕ ತೊಟ್ಟಿ: ಮೇಲಿನ ನೀರು ಪೈಪಲ್ಲಿ ಇಳಿದು ಅದರಲ್ಲಿ ಸೋಸಿ, ಪಂಪ್ ಮೂಲಕ ಮತ್ತೆ ಮೇಲೆ ಹೋಗುತ್ತದೆ. ಮೊದಲು ಸಂಪ್ ಅಳತೆ ತೀರ್ಮಾನ ಆಗಲಿ, ಸ್ಟ್ಯಾಂಡ್ ಅದರ ಸುತ್ತ ಹುಟ್ಟಬೇಕು. ತುಂಬಾ ಜನ ಸ್ಟ್ಯಾಂಡ್ ಮಾಡಿಸಿ, ಪೇಂಟ್ ಹೊಡೆಸಿ, ಟ್ಯಾಂಕನ್ನೂ ಮೇಲಿಟ್ಟು, ಆಮೇಲೆ ಒಳಗೆ ಎಷ್ಟು ದೊಡ್ಡ ಸಂಪ್ ಹಿಡಿಯುತ್ತೆ ಅಂತ ಟೇಪ್ ಹಿಡಿಯುತ್ತಾರೆ. ಅಷ್ಟರಲ್ಲಿ ವೆಲ್ಡರ್ ಗಟ್ಟಿ ಇರಲಿ ಅಂತ ಮುಂದುಗಡೆ ನಡುವೆ ಒಂದು ಕಾಲು ನಿಲ್ಲಿಸಿರುತ್ತಾನೆ. ಸಂಪ್ ಒಳಗೆ ಹೋಗೋದೇ ಇಲ್ಲ.

ನಿಮ್ಮ ಟ್ಯಾಂಕಿಗೆ ಎರಡೂವರೆ ಅಡಿ ಉದ್ದ, 1 ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಸಂಪ್ ಸಾಕು. ಅದರ ಮೇಲೆ ಕನಿಷ್ಠ 10 ಇಂಚು ಖಾಲಿ ಬಿಡಿ. ಕೈ ಹಾಕಿ ಸ್ಪಂಜ್ ತೆಗೆಯಬೇಕು, ಪಂಪ್ ಎತ್ತಬೇಕು, ಜಾಗ ಇಲ್ಲದಿದ್ದರೆ ಆ ಕೆಲಸವನ್ನು ನೀವೇ ಮುಂದೂಡುತ್ತಾ ಹೋಗುತ್ತೀರಿ. ಸ್ಟ್ಯಾಂಡ್ ಎತ್ತರ ಎರಡೂವರೆ ಅಡಿ ಇರಲಿ. ನಡುವಿನ ಕಾಲು ಬೇಕೇ ಬೇಕು ಅಂದರೆ ಹಿಂದುಗಡೆ ಹಾಕಿಸಿ, ಮುಂದೆ ಪೂರ್ತಿ ತೆರೆದಿರಲಿ.

ಈಗ ಭಾರ. ತುಂಬಿದರೆ ಹತ್ತಿರ ಹತ್ತಿರ 340 ಲೀಟರ್ ನೀರು, ಅಂದರೆ 340 ಕೆಜಿ. 12 ಎಂಎಂ ಗಾಜೇ ಸುಮಾರು 80 ಕೆಜಿ ತೂಗುತ್ತದೆ. ಜಲ್ಲಿ, ಕಲ್ಲು, ಕೆಳಗಿನ ಸಂಪ್ ಎಲ್ಲ ಸೇರಿದರೆ ಅರ್ಧ ಟನ್ ದಾಟುತ್ತದೆ. ಇದಕ್ಕೆ 40 ಎಂಎಂ ಚೌಕದ, 2 ಎಂಎಂ ದಪ್ಪದ ಕಬ್ಬಿಣದ ಪೈಪ್ ಸಾಕು. ಒಂದು ಮಾತು ಮಾತ್ರ ಒತ್ತಿ ಹೇಳಿ: ಮೇಲಿನ ಅಡ್ಡ ಪೈಪು ಕಾಲಿನ ತಲೆಯ ಮೇಲೆ ಕೂರಬೇಕು, ಕಾಲಿನ ಪಕ್ಕಕ್ಕೆ ಅಂಟಿಸಿ ವೆಲ್ಡ್ ಮಾಡಬಾರದು. ಭಾರ ಕಾಲಿನ ಮೂಲಕ ನೆಲಕ್ಕೆ ಇಳಿಯಬೇಕು, ವೆಲ್ಡಿಂಗ್ ಮೇಲೆ ನೇತಾಡಬಾರದು. ವೆಲ್ಡ್ ಉಜ್ಜಿಸಿ, ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೋಟ್ ಹೊಡೆಸಿ, ಆಮೇಲೆ ಪೇಂಟ್.

ಬಡಗಿ ಹೇಳಿದ್ದೂ ತಪ್ಪಲ್ಲ. ಪ್ಲೈವುಡ್ಡಲ್ಲಿ ಚೆನ್ನಾಗಿ ಮಾಡಬಹುದು, ಆದರೆ ಐಎಸ್ 710 ಗುರುತಿರುವ (ನೀರು ತಡೆಯುವ ಮರೈನ್ ಪ್ಲೈ) 18 ಎಂಎಂ ಹಲಗೆಯೇ ಆಗಬೇಕು. ಮೇಲಿನ ಹಲಗೆ ನಿಂತ ಹಲಗೆಗಳ ಮೇಲೆ ಕೂರಲಿ, ಸ್ಕ್ರೂ ಭಾರ ಹೊರಬಾರದು. ಹಿಂದೆ ಒಂದು ಹಲಗೆ ಹೊಡೆಸಿ, ಇಲ್ಲದಿದ್ದರೆ ಸ್ಟ್ಯಾಂಡ್ ಪಕ್ಕಕ್ಕೆ ವಾಲುತ್ತದೆ. ಪಾರ್ಟಿಕಲ್ ಬೋರ್ಡ್ ಹತ್ತಿರ ಮಾತ್ರ ಹೋಗಬೇಡಿ. ಅಂಚಿಗೆ ನೀರು ತಾಗಿದರೆ ಊದಿಕೊಂಡು ಪುಡಿ ಪುಡಿ ಆಗುತ್ತದೆ.

ಪ್ರಶ್ನೆ (ಮೈಸೂರು, ಅಗ್ರಹಾರ): ನಮ್ಮದು ಹಳೇ ಮನೆ, ಮಹಡಿ ಜಂತೆ ಹಾಕಿದ ಮದ್ರಾಸ್ ತಾರಸಿ. ಮೇಲಿನ ಕೋಣೆಯಲ್ಲಿ ಇದೇ ಅಳತೆಯ ಟ್ಯಾಂಕ್ ಇಡಬಹುದಾ?

ಉತ್ತರ: ಬೇಡ. ಹಳೇ ಜಂತೆ ಒಳಗೆ ಎಷ್ಟು ಗಟ್ಟಿ ಉಳಿದಿದೆ ಅಂತ ಹೊರಗಿಂದ ನೋಡಿ ಯಾರೂ ಹೇಳಲಾರರು, ಕೆಳಗೆ ಜನ ಮಲಗುತ್ತಾರೆ ಅಲ್ವಾ? ನೆಲಮಹಡಿಯಲ್ಲಿ ಇಡಿ. ಆರ್‌ಸಿಸಿ ಮನೆಯವರೂ ಗಮನಿಸಿ: ವಾಸದ ಕೋಣೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಲೆಕ್ಕದಲ್ಲಿ ವಿನ್ಯಾಸ ಮಾಡಿರುತ್ತಾರೆ. ಈ ಟ್ಯಾಂಕು ಅರ್ಧ ಚದರ ಮೀಟರ್ ಚಿಲ್ಲರೆ ಜಾಗದಲ್ಲಿ ಅರ್ಧ ಟನ್ ಇಳಿಸುತ್ತದೆ. ಕೋಣೆ ನಡುವೆ ಇಡಬೇಡಿ, ಕೆಳಗೆ ಗೋಡೆ ಅಥವಾ ಬೀಮ್ ಇರುವ ಕಡೆ ಗೋಡೆಗೆ ಒತ್ತಿ ಇಡಿ. ಮಹಡಿ ಮೇಲಾದರೆ ಎಂಜಿನಿಯರ್ ಒಬ್ಬರಿಗೆ ತೋರಿಸಿಯೇ ಇಡಿ.

ಪ್ರಶ್ನೆ (ಮೈಸೂರು, ಕುವೆಂಪುನಗರ): ನಮ್ಮ ಸಂಪ್ ಚಾಲೂ ಇರುವಾಗ ಏನೂ ತೊಂದರೆ ಇಲ್ಲ. ಮೊನ್ನೆ ರಾತ್ರಿ ಕರೆಂಟ್ ಹೋದಾಗ ಹಾಲ್ ತುಂಬಾ ನೀರು. ಸಂಪ್ ಒಡೆದಿಲ್ಲ, ಪೈಪ್ ಸೋರಿಲ್ಲ. ಹಾಕಿಕೊಟ್ಟವರನ್ನು ಕೇಳಿದರೆ ಚೆಕ್ ವಾಲ್ವ್ ಹಾಕಿ ಅಂತಾರೆ.

ಉತ್ತರ: ಪಂಪ್ ನಿಂತಾಗ ಎರಡು ಕಡೆಯಿಂದ ನೀರು ಕೆಳಗೆ ಬರುತ್ತದೆ. ಟ್ಯಾಂಕಿನ ನೀರು ಸಂಪಿಗೆ ಇಳಿಯುವ ಬಾಯಿ, ಅಂದರೆ ಓವರ್‌ಫ್ಲೋ, ಅದರ ಅಂಚಿನ ಮೇಲಿರುವ ನೀರು ಇಳಿಯುತ್ತದೆ, ಅದು ಸ್ವಲ್ಪ. ನೀರು ಮೇಲೆ ತಳ್ಳುವ ರಿಟರ್ನ್ ಪೈಪ್ ಇದೆಯಲ್ಲ, ಅದೇ ಈಗ ಸೈಫನ್ ಆಗಿ ಟ್ಯಾಂಕಿನ ನೀರನ್ನು ಕೆಳಗೆ ಎಳೆಯುತ್ತದೆ. ಪೈಪಿನ ಬಾಯಿಗೆ ಗಾಳಿ ಸಿಗುವ ತನಕ ನಿಲ್ಲುವುದಿಲ್ಲ. ನಾಲ್ಕಡಿ ಟ್ಯಾಂಕಿನಲ್ಲಿ ನೀರು 1 ಸೆಂಟಿಮೀಟರ್ ಇಳಿದರೆ ಐದೂವರೆ ಲೀಟರ್. ಪೈಪಿನ ಬಾಯಿ 5 ಸೆಂಟಿಮೀಟರ್ ಮುಳುಗಿದ್ದರೆ 28 ಲೀಟರ್ ಹತ್ತಿರ ಕೆಳಗೆ ಬರುತ್ತದೆ. ಸಂಪಿನಲ್ಲಿ ಅಷ್ಟು ಖಾಲಿ ಇಲ್ಲದಿದ್ದರೆ ಹಾಲಿಗೆ ಬರದೆ ಎಲ್ಲಿಗೆ ಹೋಗಬೇಕು?

ಚೆಕ್ ವಾಲ್ವ್ ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್, ಅದನ್ನು ನಂಬಬೇಡಿ. ಒಂದು ಬಸವನಹುಳ, ಒಂದು ಎಲೆ ಚೂರು ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚುವುದಿಲ್ಲ. ರಿಟರ್ನ್ ಬಾಯಿಯನ್ನು ನೀರಿನ ಮಟ್ಟಕ್ಕೆ ಹತ್ತಿರ ತನ್ನಿ, ಒಂದೂವರೆ ಎರಡು ಸೆಂಟಿಮೀಟರ್ ಮುಳುಗಿದ್ದರೆ ಸಾಕು. ಮಟ್ಟದಿಂದ ಸ್ವಲ್ಪ ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಹಾಕಿದರೆ ಗಾಳಿ ಬೇಗ ಸಿಗುತ್ತದೆ, ಆದರೆ ಆ ತೂತಿಗೆ ಪಾಚಿ ಕಟ್ಟುತ್ತೆ, ಆಗಾಗ ಚುಚ್ಚಿ ತೆಗೆಯುತ್ತಿರಬೇಕು. ಇದೆಲ್ಲ ಇದ್ದರೂ ಕೊನೆಗೆ ಕಾಯುವುದು ಸಂಪಿನ ಖಾಲಿ ಜಾಗವೇ. ನೀವೇ ಪಂಪ್ ಆಫ್ ಮಾಡಿ, ಪಕ್ಕದಲ್ಲಿ ನಿಂತು ನೋಡಿ. ನೀರು ಇಳಿಯುವುದು ನಿಂತ ಮೇಲೂ ಸಂಪಿನ ಅಂಚಿಗೆ ಎರಡು ಬೆರಳು ಬಾಕಿ ಇರಬೇಕು. ಬಾಕಿ ಇಲ್ಲದಿದ್ದರೆ ಅಷ್ಟು ನೀರು ತೆಗೆದುಬಿಡಿ. ಮತ್ತೆ ಪಂಪ್ ಆನ್ ಮಾಡಿ, ಓಡುವಾಗ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಸಂಪ್ ಗಾಜಿಗೆ ಟೇಪ್ ಅಂಟಿಸಿ. ಆ ಗೆರೆ ದಾಟಿ ಮನೆಯಲ್ಲಿ ಯಾರೂ ನೀರು ತುಂಬಬಾರದು. ಬೇಸಿಗೆಯಲ್ಲಿ ನೀರು ಆರಿ ಪಂಪ್ ಖಾನೆಯಲ್ಲಿ ಕಡಿಮೆ ಆದಾಗ ಸುಮ್ನೆ ಒಂದು ಬಕೆಟ್ ಸುರಿದು ಹೋಗುವವರು ಇರುತ್ತಾರೆ, ಅವರಿಗೆ ಹೇಳಿಡಿ.

ಇನ್ನೊಂದು ಪ್ರಶ್ನೆ, ಅದೇ ಮನೆಯಿಂದ: ಹಾಗಾದ್ರೆ ಕ್ಯಾನಿಸ್ಟರ್ ಫಿಲ್ಟರೇ ವಾಸಿನಾ?

ಉತ್ತರ: ನೀರು ಹೊರಗೆ ಬರುವ ಭಯ ಅದರಲ್ಲಿ ಕಡಿಮೆ. ಆದರೆ ಅದು ಮುಚ್ಚಿದ ಡಬ್ಬಿ. ಕರೆಂಟ್ ಹಲವು ಗಂಟೆ ಇಲ್ಲದಿದ್ದರೆ ಮೀನಿನ ಗಲೀಜನ್ನು ಶುದ್ಧ ಮಾಡುವ ಒಳಗಿನ ಬ್ಯಾಕ್ಟೀರಿಯಾಕ್ಕೆ ಆಕ್ಸಿಜನ್ ಸಿಗದೆ ನೀರು ಕೆಡುತ್ತದೆ. ಕರೆಂಟ್ ಬಂದ ತಕ್ಷಣ ಆ ಕೆಟ್ಟ ನೀರು ಮೀನಿನ ಮೇಲೆ ಹೋಗುತ್ತದೆ. ಅಂಥ ದಿನ ಬಿಚ್ಚಿ, ಆ ನೀರು ಚೆಲ್ಲಿಯೇ ಶುರು ಮಾಡಬೇಕು. ಗೋಲ್ಡ್‌ಫಿಶ್ ತುಂಬಾ ಗಲೀಜು ಮಾಡುವ ಮೀನು, ಅದಕ್ಕೆ ನನ್ನ ಮತ ಸಂಪಿಗೇ.

ಪ್ರಶ್ನೆ (ಮಂಡ್ಯ, ಮೊದಲು ಕೇಳಿದವರು): ಪಂಪ್ ಎಷ್ಟರದ್ದು ತರಲಿ? ನಮ್ಮದು ಬೋರ್ ನೀರು, ಪಾತ್ರೆಗೆಲ್ಲ ಬಿಳಿ ಕಟ್ಟುತ್ತೆ.

ಉತ್ತರ: ಗಂಟೆಗೆ ಟ್ಯಾಂಕಿನ ಮೂರರಿಂದ ಐದು ಪಟ್ಟು ನೀರು ಮೇಲೆ ಹೋಗಬೇಕು, ನಿಮಗೆ 1000ದಿಂದ 1700 ಲೀಟರ್. ಡಬ್ಬಿ ಮೇಲಿನ ಸಂಖ್ಯೆ ನೀರನ್ನು ಎತ್ತದೇ ಇದ್ದಾಗಿನದು. ನಿಮ್ಮ ಪಂಪ್ ನಾಲ್ಕಡಿಗಿಂತ ಜಾಸ್ತಿ ಎತ್ತಬೇಕು, ಅಷ್ಟು ಎತ್ತರದಲ್ಲಿ ಎಷ್ಟು ಕೊಡುತ್ತದೆ ಅಂತ ಡಬ್ಬಿಯ ಗ್ರಾಫಲ್ಲಿ ನೋಡಿ ತನ್ನಿ. ಗಡಸು ನೀರು ಗೋಲ್ಡ್‌ಫಿಶ್‌ಗೆ ಒಗ್ಗುತ್ತದೆ. ಪಂಪ್ ಒಳಗಿನ ಚಕ್ರಕ್ಕೆ ಸುಣ್ಣ ಕಟ್ಟಿ ಸದ್ದು ಶುರುವಾದರೆ ವಿನೆಗರ್‌ನಲ್ಲಿ ನೆನೆಸಿ ತೊಳೆಯಿರಿ.

ಸಂಪಿಗೆ ನೀರು ಇಳಿಯುವ ಪೈಪ್ ಒಂದೇ ಇಡಬೇಡಿ, ಸ್ವಲ್ಪ ಎತ್ತರದಲ್ಲಿ ಇನ್ನೊಂದು ಇರಲಿ. ಮೊದಲನೆಯದು ಕಟ್ಟಿಕೊಂಡರೆ ಅದು ಕಾಯುತ್ತದೆ. ಈ ಪೈಪುಗಳಿಗೆ ಬೇಕಾದ ತೂತು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಿಗೆ ಹಾಕಲಾಗದು, ಇಡೀ ಗಾಜು ಚೂರಾಗುತ್ತದೆ. ಟ್ಯಾಂಕ್ ಮಾಡುವವರಿಗೆ ಈಗಲೇ ಹೇಳಿ, ಸಾದಾ ಗಾಜಿಗೆ ಜೋಡಿಸುವ ಮುಂಚೆಯೇ ತೂತು ಹಾಕಲಿ.

ಕ್ಯಾಬಿನೆಟ್ ಒಳಗೆ ಪ್ಲಗ್ ಬೋರ್ಡನ್ನು ಮೇಲೆ ಗೋಡೆಗೆ ಹೊಡೆಸಿ, ನೆಲದ ಮೇಲೆ ಬೇಡ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೆ ಹೋಗಲಿ, ವೈರ್ ಹಿಡಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಆ ಲೈನಿಗೆ ಅರ್ತಿಂಗ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಕಡ್ಡಾಯ. ಒದ್ದೆ ಕೈ ಹಾಕುವ ಜಾಗ ಅದು, ಇದರಲ್ಲಿ ದುಡ್ಡು ಉಳಿಸಬೇಡಿ.

ಸ್ಟ್ಯಾಂಡ್ ಬಂದ ಮೇಲೆ ಲೆವೆಲ್ ಟ್ಯೂಬ್ ಹಿಡಿದು ನೋಡಿ. ತಗ್ಗಿದ್ದರೆ ಕಾಲಿನ ಕೆಳಗೆ ತಗಡು ಕೊಡಿ, ಟ್ಯಾಂಕಿನ ಕೆಳಗೆ ಯಾವತ್ತೂ ಕೊಡಬೇಡಿ. ಫ್ರೇಮ್ ಇಲ್ಲದ ಟ್ಯಾಂಕಾದರೆ ಅಡಿಗೆ 10 ಎಂಎಂ ಥರ್ಮಾಕೋಲ್ ಹಾಸಿ. ಕಾಲು ಭಾಗ ನೀರು ತುಂಬಿ ನಾಲ್ಕೂ ಮೂಲೆಯಲ್ಲಿ ನೀರಿನ ಎತ್ತರ ಅಳೆಯಿರಿ, ಸರಿ ಇದ್ದರೆ ಮುಂದೆ ತುಂಬಿ. ಮೀನು ಆಗಲೇ ತರಬೇಡಿ. ಬ್ಯಾಕ್ಟೀರಿಯಾ ಬೆಳೆಯಲು ಚೂರು ಚೂರು ಅಮೋನಿಯಾ ಹಾಕುತ್ತಾ ಪಂಪ್ ಓಡಿಸಿ, ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಅಮೋನಿಯಾ, ಅದರಿಂದ ಆಗುವ ನೈಟ್ರೈಟ್ ಎರಡೂ ಮೀನಿಗೆ ವಿಷ; ಟೆಸ್ಟ್ ಕಿಟ್‌ನಲ್ಲಿ ಎರಡೂ ಸೊನ್ನೆ ತೋರಿಸಿದ ಮೇಲೆ ಮೊದಲು ಎರಡು ಮೀನು ತನ್ನಿ.