ಬ್ಲೀಚ್ ಹಾಕಿದ್ಮೇಲೆ ಬಿಳಿ ಪಂಚೆ ಇನ್ನೂ ಹಳದಿ ಆಯ್ತು, ಏನ್ ಮಾಡ್ಲಿ?

ಸಾಗರದವ:
ತಲೆ ಕೆಟ್ಟೋಗಿದೆ. ಅಪ್ಪನ ನಾಲ್ಕು ಬಿಳಿ ಪಂಚೆ, ನಂದೆರಡು ಶರ್ಟು, ಮೂರೇ ತಿಂಗಳಲ್ಲಿ ಹಳದಿ ತಿರುಗಿವೆ. ಪೌಡರ್ ಬದಲಾಯಿಸ್ದೆ, ಬಿಸಿನೀರಲ್ಲಿ ನೆನೆಸ್ದೆ, ಕೊನೆಗೆ ನಿನ್ನೆ ಬ್ಲೀಚಲ್ಲಿ ಅರ್ಧ ಗಂಟೆ ಹಾಕಿಟ್ಟೆ, ತೆಗೆದು ನೋಡಿದ್ರೆ ಮುಂಚೆಗಿಂತ ಜಾಸ್ತಿ, ಟೀ ಚೆಲ್ಲಿದ ಹಾಗಿದೆ. ಮುಂದಿನ ವಾರ ತಂಗಿ ನಿಶ್ಚಿತಾರ್ಥ, ಅಪ್ಪ ಅದೇ ಪಂಚೆ ಉಡ್ತೀನಿ ಅಂತ ಕೂತಿದಾರೆ.

ನೀಲಿಡಬ್ಬಿ:
ನೀಲಿ ಹಾಕ್ತೀರಾ ಇಲ್ವಾ ಅದನ್ನೇ ಹೇಳಿಲ್ವಲ್ಲ. ಅರ್ಧ ಬಕೆಟ್ ನೀರಿಗೆ ನಾಲ್ಕು ಹನಿ, ಚೆನ್ನಾಗಿ ಕಲಸಿ ಆಮೇಲೆ ಬಟ್ಟೆ ಅದ್ದಿ.

ಸಾಗರದವ:
ಹಾಕ್ದೆ ಸರ್. ಬೂದಿ ಬಣ್ಣ ಬಂತು.

ನೀಲಿಡಬ್ಬಿ:
ಹಾಗಾದ್ರೆ ಹನಿ ಜಾಸ್ತಿ ಆಗಿದೆ. ಎರಡೇ ಹನಿ ಹಾಕಿ ನೋಡಿ.

ಕಾಟನ್60:
ನೀಲಿ ಬಿಡಿ, ಕೈಯಲ್ಲಿ ಒಗೆದ್ರೆ ಸೋಪು ನೂಲಲ್ಲೇ ಉಳಿಯತ್ತೆ. ನಮ್ಮನೇಲಿ 8 ಕೆಜಿ ಫ್ರಂಟ್ ಲೋಡ್, ಬಿಳಿ ಬಟ್ಟೆ ಎಲ್ಲಾ 60 ಡಿಗ್ರಿಲಿ, ಜೊತೆಗೆ ಎರಡು ಚಮಚ ಪರ್ಕಾರ್ಬೊನೇಟ್ (ಆಕ್ಸಿಜನ್ ಬ್ಲೀಚ್ ಪುಡಿ), ಆರು ವರ್ಷದ ಬನಿಯನ್ ಈಗ್ಲೂ ಹೊಸದರ ಹಾಗಿದೆ.

ಒಗೆಯೋಕಲ್ಲು:
ಮಷೀನ್ ಬರೋಕ್ಮುಂಚೆ ಯಾರೂ ಬೆಳ್ಳಗಿರೋ ಪಂಚೆ ಉಟ್ಟೇ ಇರ್ಲಿಲ್ವಾ? ನಮ್ಮಜ್ಜಿ ಕಲ್ಲಿನ ಮೇಲೆ ಒಗೆದು ಬಿಸಿಲಿಗೆ ಹಾಕೋರು ಅಷ್ಟೇ.

ಕಾಟನ್60:
ಕಲ್ಲಿಗೆ ಬಡಿದ್ರೆ ಪಂಚೆ ಅಂಚು ಎಷ್ಟು ದಿನ ಬರತ್ತೆ ಹೇಳಿ.

ಕುಂದಾಪುರದ ಅಕ್ಕ:
ತಮ್ಮಾ, ಯಾವ ನೀರಲ್ಲಿ ಒಗೀತೀಯ ಅಂತ ಇನ್ನೂ ಹೇಳ್ಲಿಲ್ಲ ನೀನು.

ಸಾಗರದವ:
ಬೋರ್ ನೀರು ಅಕ್ಕ. ಬಾಡಿಗೆ ಮನೆಗೆ ಬಂದು ಮೂರು ತಿಂಗಳಾಯ್ತು, ಹಳೇ ಮನೇಲಿ ಬಾವಿ ಇತ್ತು. ಆದ್ರೆ ನೀರು ಸ್ವಚ್ಛವಾಗೇ ಇದೆಯಲ್ಲ.

ಕುಂದಾಪುರದ ಅಕ್ಕ:
ಅದನ್ನ ಮೊದಲೇ ಹೇಳ್ಬೇಕಿತ್ತು. ಬೋರಿಂದ ಬಂದ ತಕ್ಷಣ ತಿಳಿಯಾಗೇ ಇರತ್ತೆ, ಕಬ್ಬಿಣ ಕರಗಿರತ್ತೆ, ಕಾಣಲ್ಲ. ಒಂದು ಬಿಳಿ ಬಕೆಟಲ್ಲಿ ತುಂಬಿಸಿ ರಾತ್ರಿಯಿಡೀ ಬಿಡು, ಬೆಳಿಗ್ಗೆ ತಳ ನೋಡು. ಲೀಟರಿಗೆ 0.3 ಮಿಲಿಗ್ರಾಂ ದಾಟಿದ್ರೇ ಬಟ್ಟೆಗೆ ಕಲೆ ಹತ್ತತ್ತೆ. ಬ್ಲೀಚ್ ಹಾಕಿದ ಕೂಡ್ಲೇ ಆ ಕಬ್ಬಿಣ ತುಕ್ಕಾಗಿ ನೂಲಲ್ಲೇ ಕೂರತ್ತೆ, ಅದಕ್ಕೇ ಜಾಸ್ತಿ ಆಗಿದ್ದು. ಪರ್ಕಾರ್ಬೊನೇಟೂ ಈಗ ಬೇಡ, ಕಬ್ಬಿಣ ಇರೋ ಬಟ್ಟೆಗೆ ಹಾಕಿದ್ರೆ ನೂಲು ಬೇಗ ಸವೆಯತ್ತೆ.

ಸಾಗರದವ:
ಅಕ್ಕ, ಬಕೆಟ್ ತಳದಲ್ಲಿ ಇಟ್ಟಿಗೆ ಪುಡಿ ಉದುರಿಸಿದ ಹಾಗೆ ಕೆಂಪಗೆ ಕೂತಿದೆ, ಬೆರಳಲ್ಲಿ ಒರೆಸಿದ್ರೆ ಅಂಟತ್ತೆ. ಕಮೋಡಲ್ಲಿ ಕೆಂಪು ಗೆರೆ ಇತ್ತು, ಹಿಂದಿನವರು ತೊಳೆದಿಲ್ಲ ಅಂದ್ಕೊಂಡಿದ್ದೆ.

ಕುಂದಾಪುರದ ಅಕ್ಕ:
ಮೊದ್ಲು ಬ್ಲೀಚ್ ವಾಸನೆ ಪೂರ್ತಿ ಹೋಗೋ ತನಕ ಜಾಲಾಡು, ಇದನ್ನ ಮರೀಬೇಡ, ಬ್ಲೀಚಿಗೆ ಹುಳಿ ಸೇರಿದ್ರೆ ವಿಷದ ಗಾಳಿ ಏಳತ್ತೆ. ಆಮೇಲೆ ಪ್ಲಾಸ್ಟಿಕ್ ಬಕೆಟಲ್ಲಿ 10 ಲೀಟರ್ ಬಿಸಿನೀರಿಗೆ 4 ದೊಡ್ಡ ಚಮಚ ನಿಂಬೆ ಉಪ್ಪು, ಅಂದ್ರೆ ಸಿಟ್ರಿಕ್ ಆಸಿಡ್, ದಿನಸಿ ಅಂಗಡೀಲಿ ಸಿಗತ್ತೆ, ಒಂದು ಗಂಟೆ ನೆನೆಸು. ಕೊನೇ ಜಾಲಾಟಕ್ಕೆ ಬಾವಿ ನೀರು ಸಿಕ್ರೆ ಅದನ್ನೇ ಹಾಕು.

ನೀಲಿಡಬ್ಬಿ:
ಆಮೇಲಾದ್ರೂ ಎರಡು ಹನಿ ನೀಲಿ ಹಾಕಿ.

ಸಾಗರದವ:
ಪಂಚೆ ಬಂತು ಅಕ್ಕ! ಅರ್ಧ ಗಂಟೆಗೇ ನೀರು ತೆಳು ಕಾಫಿ ಬಣ್ಣ ಆಯ್ತು, ಎರಡನೇ ಸಲ ನೆನೆಸಿದ್ಮೇಲೆ ಮೂರು ಪಂಚೆ ಬೆಳ್ಳಗಾಗಿವೆ, ಒಂದರ ಮಡಿಕೆಲಿ ಸ್ವಲ್ಪ ಇದೆ. ಅಪ್ಪ ಎತ್ತಿ ಬೆಳಕಿಗೆ ಹಿಡಿದು ನೋಡಿದ್ರು. ಶರ್ಟಿನ ಕಂಕುಳು ಮಾತ್ರ ಹಾಗೇ ಇದೆ.

ಕುಂದಾಪುರದ ಅಕ್ಕ:
ಅದು ಬೆವರಿನ ಕಲೆ, ಕಬ್ಬಿಣದ್ದಲ್ಲ. ಈಗ ಪರ್ಕಾರ್ಬೊನೇಟ್ ಹಾಕ್ಬಹುದು, ಕಾಟನ್60 ಹೇಳಿದ್ದು ಇಲ್ಲಿಗೆ ಸರಿ. ನೀರು ಮಾತ್ರ ಬೋರಿಂದು ಬೇಡ.

ಕಾಟನ್60:
ಟ್ಯಾಂಕಿಗೆ ಐರನ್ ಫಿಲ್ಟರ್ ಹಾಕ್ಸಿ, ನಾನು ಹಾಕ್ಸಿದೀನಿ, ಫೋಟೋ ಹಾಕ್ಲಾ?

ಒಗೆಯೋಕಲ್ಲು:
ಬಾಡಿಗೆ ಮನೆಗೆ ಯಾಕ್ರೀ ಅಷ್ಟು ಖರ್ಚು, ಮಳೆನೀರು ಹಿಡಿದಿಟ್ಕೊಳ್ಳಲಿ.

ಹೊಸಬ:
ನಮ್ಮನೇದು ಕಾವೇರಿ ನೀರು, ಆದ್ರೂ ಮಗಳ ಶನಿವಾರದ ಯೂನಿಫಾರ್ಮ್ ಹಳದಿ. ಇದಕ್ಕೂ ನಿಂಬೆ ಉಪ್ಪೇನಾ?